ಸಂಜೆ ಆರರ ಹಸಿವು

ನವೆಂಬರ್ ನಡುವಿನಲ್ಲಿ ಅಯ್ಯಪ್ಪನ ಮಾಲೆ ಹಾಕುವ ಕಾಲ ಬಂತೆಂದರೆ ನಮ್ಮ ಬಡಾವಣೆಯ ಬಾರ್‌ಗೆ ಗಿರಾಕಿ ಇಳಿದುಹೋಗುತ್ತದೆ. ವರ್ಷವಿಡೀ ಅಲ್ಲೇ ಠಿಕಾಣಿ ಹೂಡಿದ್ದ ಗಾರೆ ಕೆಲಸದವರು, ಆಟೋದವರು, ಮಂಡಿಯ ಹಮಾಲರು ಕಪ್ಪು ಪಂಚೆ ಉಟ್ಟು, ಕೊರಳಿಗೆ ಮಣಿ ಏರಿಸಿ, ನಸುಕಿನಲ್ಲಿ ತಣ್ಣೀರು ಸುರಿದುಕೊಳ್ಳುತ್ತಾರೆ. 41 ದಿನ ಹನಿ ಮುಟ್ಟುವುದಿಲ್ಲ. ನಿನ್ನೆಯವರೆಗೂ ‘ಏ ಕುಡ್ಕ’ ಎಂದವರೇ ಇವತ್ತು ‘ಸ್ವಾಮಿ, ಬನ್ನಿ’ ಎನ್ನುತ್ತಾರೆ. ಶಬರಿಮಲೆಯಿಂದ ಇಳಿದು, ಮಾಲೆ ತೆಗೆದು, ಅರವಣ ಪಾಯಸದ ಡಬ್ಬಿ ಹಂಚಿ ಮುಗಿಸಿದ ಮೇಲೆ ಅವರಲ್ಲಿ ಅನೇಕರು ಮತ್ತೆ ಅದೇ ಕುರ್ಚಿಗೆ. ಕೆಲವರು ಅದೇ ಸಂಜೆ.

ಇದನ್ನು ನೋಡಿ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಕುಡಿತ ಬಿಡಿಸುವ ಚಿಕಿತ್ಸೆಯ ಬಗ್ಗೆ ನಾವು ಆಡುವ ದೊಡ್ಡ ಮಾತುಗಳಿಗಿಂತ ಈ 41 ದಿನ ಹೆಚ್ಚು ಹೇಳುತ್ತದೆ. ಭಕ್ತಿ ಇದ್ದದ್ದೇ, ಆದರೆ ಭಕ್ತಿ ಮಾಲೆ ತೆಗೆದ ಮೇಲೂ ಇರುತ್ತದಲ್ಲ? ತೆಗೆದ ದಿನ ನಿಜವಾಗಿ ಕಳಚಿಹೋಗುವುದು ದಿನಚರಿ. ವ್ರತದಲ್ಲಿರುವವನ ಸಂಜೆಗೆ ಒಂದು ಆಕಾರವಿತ್ತು. ಕೆಲಸ ಬಿಟ್ಟವನೇ ಸ್ನಾನ, ಗುಡಿಯ ಮುಂದೆ ಹತ್ತು ಜನರ ಭಜನೆ, ಕೈಗೊಂದಿಷ್ಟು ಪ್ರಸಾದ, ಆಮೇಲೆ ಊಟ, ಬೇಗ ನಿದ್ದೆ. ಬಾರ್‌ನ ಬಾಗಿಲು ಸೆಳೆಯುವ ಆರರಿಂದ ಎಂಟರ ಹೊತ್ತಿನಲ್ಲಿ ಅವನ ಹೊಟ್ಟೆ ಬರಿದಿರಲಿಲ್ಲ, ಕೈ ಖಾಲಿ ಇರಲಿಲ್ಲ, ಪಕ್ಕದಲ್ಲಿ ಜನವಿತ್ತು.

ಇದನ್ನೇ ಸಂಘಟಿತವಾಗಿ ಮಾಡಲು ಹೊರಟದ್ದು ನಮ್ಮ ಮದ್ಯವರ್ಜನ ಶಿಬಿರ. ದಕ್ಷಿಣ ಭಾರತದಲ್ಲಿ ಇದಕ್ಕೆ ದಾರಿ ಹಾಕಿದವರಲ್ಲಿ ಚೆನ್ನೈನ ಶಾಂತಿ ರಂಗನಾಥನ್ ಮುಖ್ಯರು. 1980ರಲ್ಲಿ ಅವರು ಕಟ್ಟಿದ ಟಿ.ಟಿ. ರಂಗನಾಥನ್ ಪ್ರತಿಷ್ಠಾನ 1989ರಲ್ಲಿ ತಂಜಾವೂರು ಸೀಮೆಯ ಮಂಜಕ್ಕುಡಿ ಎಂಬ ಹಳ್ಳಿಗೆ ಚಿಕಿತ್ಸೆಯನ್ನೇ ಹೊತ್ತೊಯ್ದಿತು. ಆಸ್ಪತ್ರೆಗೆ ಬರಲಾಗದವನ ಊರಿಗೇ ಆಸ್ಪತ್ರೆ ಹೋಗಲಿ ಎಂಬ ಸರಳ ಯೋಚನೆ. ಕರ್ನಾಟಕದಲ್ಲಿ ಈ ಮಾದರಿಯನ್ನು ಮನೆಮಾತಾಗಿಸಿದ್ದು ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಜೊತೆಗೆ ಬೆಳೆದ ಜನಜಾಗೃತಿ ವೇದಿಕೆ. ಊರಿನ ಕಲ್ಯಾಣ ಮಂಟಪವೋ ಸಮುದಾಯ ಭವನವೋ ಒಂದು ವಾರದ ಮಟ್ಟಿಗೆ ಶಿಬಿರವಾಗುತ್ತದೆ. ಯೋಗ, ಭಜನೆ, ಆಪ್ತಸಲಹೆ, ಕೊನೆಗೆ ಹೆಂಡತಿ ಮಕ್ಕಳ ಎದುರು ಕಣ್ಣೀರು. ಬಿಟ್ಟವರು ನವಜೀವನ ಸಮಿತಿಗಳಲ್ಲಿ ಆಮೇಲೂ ಸೇರುತ್ತಾರೆ. ಈ ಕೊನೆಯದೇ ಇಡೀ ಏರ್ಪಾಟಿನ ಜೀವಾಳವೆಂದು ನನ್ನ ಅಭಿಪ್ರಾಯ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಗುತ್ತಿದೆ; ಒಳರೋಗಿಯಾಗಿ ಚಿಕಿತ್ಸೆ ಸಿಗುವುದು 180ರಲ್ಲಿ ಒಬ್ಬರಿಗೆ. ಇಂಥ ದೇಶದಲ್ಲಿ ಶಿಬಿರಗಳನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಹಾಗೆಂದು ವಿಮರ್ಶೆಯಿಂದ ಅವುಗಳಿಗೆ ವಿನಾಯಿತಿಯೂ ಬೇಕಿಲ್ಲ. ನಾನು ನೋಡಹೊರಟದ್ದು ಎರಡನ್ನು ಮಾತ್ರ: ತಟ್ಟೆ ಮತ್ತು ಗಡಿಯಾರ.

ಕೆಲವು ವರ್ಷಗಳ ಹಿಂದೆ ಒಂದು ಶಿಬಿರಕ್ಕೆ ಹೋಗಿದ್ದೆ, ಯಾರದೆಂಬುದು ಇಲ್ಲಿ ಬೇಡ. ಎರಡನೆಯ ದಿನದ ಬೆಳಿಗ್ಗೆ. ಬಿಳಿ ಅಂಗಿಯ ಅರವತ್ತು ಗಂಡಸರು ಜಮಖಾನದ ಮೇಲೆ ಸಾಲಾಗಿ ಕೂತಿದ್ದರು, ಮುಂದೆ ಉಪ್ಪಿಟ್ಟು, ಬಾಳೆಹಣ್ಣು, ಕಷಾಯ. ಮೂರನೆಯ ಸಾಲಿನ ಒಬ್ಬನ ಕೈ ಎಷ್ಟು ನಡುಗುತ್ತಿತ್ತೆಂದರೆ ಕಷಾಯದ ಲೋಟ ಬಾಯಿಗೆ ತಲುಪುವಷ್ಟರಲ್ಲಿ ಅರ್ಧ ಅಂಗಿಯ ಮೇಲಿತ್ತು. ಉಪ್ಪಿಟ್ಟನ್ನು ಅವನು ಮುಟ್ಟಲೇ ಇಲ್ಲ. ಬಡಿಸುತ್ತಿದ್ದ ಸ್ವಯಂಸೇವಕರನ್ನು ಕೇಳಿದೆ: ‘ಇವರಿಗೆ ಬಿ1 ಇಂಜೆಕ್ಷನ್ ಏನಾದರೂ ಕೊಡುತ್ತೀರಾ?’ ಅವರು ಪ್ರೀತಿಯಿಂದಲೇ ಹೇಳಿದರು: ‘ನಾವು ಒಳ್ಳೇ ಊಟ ಕೊಡ್ತೀವಿ ಸಾರ್. ಸಾತ್ವಿಕ ಊಟ.’

ಆ ಉತ್ತರದಲ್ಲಿ ನಮ್ಮ ಇಡೀ ಗೊಂದಲ ಇದೆ.

ಕುಡಿತ ಹೊಟ್ಟೆಗೆ ಮಾಡುವುದೇನೆಂದು ಮೊದಲು ನೋಡೋಣ. ಒಂದು ಕ್ವಾರ್ಟರ್ ಎಂದರೆ 180 ಮಿಲಿಲೀಟರ್. ನಮ್ಮಲ್ಲಿ ಮಾರುವ ವಿಸ್ಕಿ, ರಮ್ಮಿನಲ್ಲಿ ಆಲ್ಕೋಹಾಲ್ ಪ್ರಮಾಣ ಶೇಕಡಾ 42.8. ಲೆಕ್ಕ ಹಾಕಿದರೆ ಸುಮಾರು 60 ಗ್ರಾಂ ಆಲ್ಕೋಹಾಲ್. ಗ್ರಾಂಗೆ 7 ಕ್ಯಾಲರಿಯಂತೆ 400ಕ್ಕೂ ಮಿಕ್ಕು. ಒಂದು ದೊಡ್ಡ ಮುದ್ದೆಗೆ ಹಿಡಿಯುವ ರಾಗಿಹಿಟ್ಟಿನಲ್ಲಿರುವಷ್ಟೇ ಶಕ್ತಿ, ಆದರೆ ಮುದ್ದೆಯಲ್ಲಿರುವ ಬೇರೇನೂ ಅದರಲ್ಲಿಲ್ಲ. ‘ಕುಡಿದು ಬಂದವ ಉಣ್ಣದೆ ಮಲಗಿದ’ ಎಂದು ಹೆಂಗಸರು ಹೇಳುವುದು ಬರೀ ಸಂಸಾರದ ಗೋಳಲ್ಲ, ದೇಹದ ಲೆಕ್ಕ. ಶಕ್ತಿ ಸಿಕ್ಕಿತೆಂದು ಹೊಟ್ಟೆ ಸುಮ್ಮನಾಗುತ್ತದೆ. ಉಪ್ಪಿನಕಾಯಿ, ನಾಲ್ಕು ಕಡಲೆಬೀಜದಲ್ಲಿ ರಾತ್ರಿ ಮುಗಿಯುತ್ತದೆ. ಮೇಲಿಂದ, ತಿಂದ ಅಷ್ಟರಲ್ಲೂ ಥಯಮಿನ್ ಎಂಬ ಬಿ1 ವಿಟಮಿನ್ ಕರುಳಿನಿಂದ ರಕ್ತಕ್ಕೆ ಹೋಗದಂತೆ ಆಲ್ಕೋಹಾಲ್ ಅಡ್ಡ ನಿಲ್ಲುತ್ತದೆ. ದೇಹ ಕೂಡಿಟ್ಟುಕೊಳ್ಳುವ ಥಯಮಿನ್ ಸುಮಾರು 30 ಮಿಲಿಗ್ರಾಂ ಮಾತ್ರ. ಎರಡು ಮೂರು ವಾರದಲ್ಲಿ ಗಂಟು ಕರಗುತ್ತದೆ.

1881ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಮೂವರು ರೋಗಿಗಳ ಬಗ್ಗೆ ಬರೆದ. ಕಣ್ಣಿನ ಚಲನೆ ಕೆಟ್ಟಿತ್ತು, ನಡಿಗೆ ತೂರಾಡುತ್ತಿತ್ತು, ಬುದ್ಧಿ ಮಂಕಾಗಿತ್ತು. ಮೂವರೂ ತೀರಿಕೊಂಡರು. ಇಬ್ಬರು ಕುಡುಕರು. ಮೂರನೆಯವಳು ಗಂಧಕಾಮ್ಲ ಕುಡಿದು ಜಠರ ಸುಟ್ಟುಕೊಂಡ, ವಾಂತಿ ನಿಲ್ಲದ, ಅನ್ನ ಸೇರದ ಒಬ್ಬ ಯುವತಿ. ನನ್ನ ಕಣ್ಣು ಪ್ರತಿ ಸಲ ನಿಲ್ಲುವುದು ಅವಳ ಮೇಲೆ. ವಿಟಮಿನ್ ಎಂಬ ಪದವೇ ಹುಟ್ಟಲು ಇನ್ನೂ ಮೂವತ್ತು ವರ್ಷವಿತ್ತು, ಆದರೆ ಅವಳು ಆಗಲೇ ಹೇಳಿಬಿಟ್ಟಿದ್ದಳು: ಈ ರೋಗ ಬಾಟಲಿಯದಲ್ಲ, ಹಸಿವಿನದು. ತೂರಾಟ, ಮಂಕು, ಕಣ್ಣಿನ ತೊಂದರೆ ಮೂರೂ ‘ಕುಡಿದಿದ್ದಾನೆ’ ಎಂಬಂತೆಯೇ ಕಾಣುತ್ತವೆ, ಹಾಗಾಗಿ ಕುಡುಕನಲ್ಲಿ ಅದನ್ನು ಯಾರೂ ಗುರುತಿಸುವುದಿಲ್ಲ. ಗುರುತಿಸದೆ ಬಿಟ್ಟರೆ ಜೀವ ಹೋಗಬಹುದು. ಉಳಿದರೆ ಕೊರ್ಸಕೋಫ್ ಎಂಬ ವೈದ್ಯ ಬಣ್ಣಿಸಿದ ಮರೆವು ಶಾಶ್ವತವಾಗಬಹುದು. ಬೆಳಿಗ್ಗೆ ಏನು ತಿಂದೆ ಎಂದು ಕೇಳಿದರೆ ಅಂಥ ರೋಗಿ ತಿನ್ನದ ಇಡ್ಲಿಯ ವರ್ಣನೆ ಕೊಡುತ್ತಾನೆ. ಸುಳ್ಳು ಹೇಳುತ್ತಿಲ್ಲ, ಖಾಲಿ ಬಿದ್ದ ನೆನಪನ್ನು ಮಿದುಳು ತೇಪೆ ಹಾಕಿ ಮುಚ್ಚುತ್ತಿದೆ. ಮನೆಯವರು ಅದನ್ನು ‘ಕುಡುಕನ ಮಾತು’ ಎಂದು ತಳ್ಳಿಬಿಡುತ್ತಾರೆ.

ಇದಕ್ಕೆ ಮದ್ದು ಊಟವಲ್ಲ. ಪೋಷಣೆಯ ಪರವಾಗಿ ಬರೆಯುವವನೂ ಇದನ್ನು ಗಟ್ಟಿಯಾಗಿ ಹೇಳಬೇಕು. ನೂರು ಗ್ರಾಂ ರಾಗಿಯಲ್ಲಿ ಥಯಮಿನ್ ಅರ್ಧ ಮಿಲಿಗ್ರಾಮಿಗಿಂತ ಕಡಿಮೆ. ಆ ಸ್ಥಿತಿ ತಲುಪಿದವನಿಗೆ ಬೇಕಾದ್ದು ನೂರಾರು ಮಿಲಿಗ್ರಾಂ, ಅದೂ ಸೂಜಿಯ ಮೂಲಕ, ಏಕೆಂದರೆ ಅವನ ಕರುಳು ನುಂಗಿದ್ದನ್ನು ಒಳಬಿಡುವುದಿಲ್ಲ. ಇನ್ನೊಂದು ಅಪಾಯ ನಮ್ಮ ಹಳ್ಳಿ ಕ್ಲಿನಿಕ್ಕುಗಳಿಗೆ ಬಲು ಹತ್ತಿರದ್ದು. ‘ತುಂಬಾ ಸುಸ್ತಾಗಿದ್ದಾನೆ, ಒಂದು ಬಾಟ್ಲು ಗ್ಲೂಕೋಸ್ ಹಾಕಿ’ ಎನ್ನುತ್ತೇವಲ್ಲ, ಸಕ್ಕರೆಯನ್ನು ಉರಿಸಲು ದೇಹಕ್ಕೆ ಥಯಮಿನ್ ಬೇಕು. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದ ಚೂರೂ ಖರ್ಚಾಗಿ ವೆರ್ನಿಕೆಯ ರೋಗ ಎರಗಬಹುದು.

ಜೊತೆಗೆ ಮೊದಲ ನಾಲ್ಕು ದಿನ. ವರ್ಷಗಟ್ಟಲೆ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ಕೈನಡುಕ, ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್, ಎರಡರಿಂದ ನಾಲ್ಕನೆಯ ದಿನದ ನಡುವೆ ಇನ್ನು ಕೆಲವರಿಗೆ ಬುದ್ಧಿ ಕಲಕುವ ಡೆಲಿರಿಯಂ. ಮಾಲೆ ಹಾಕಿದ ಎರಡನೆಯ ದಿನ ಫಿಟ್ಸ್ ಬಂದು ಬಿದ್ದವನನ್ನು ‘ವ್ರತದಲ್ಲಿ ಏನೋ ಮೈಲಿಗೆಯಾಯ್ತು’ ಎಂದು ವಿವರಿಸಿದ್ದನ್ನು ನಾನೇ ಕೇಳಿದ್ದೇನೆ. ಶಿಬಿರದ ಮೊದಲ ಅರ್ಧದಲ್ಲಿ ಬೇಕಾದವರು ವೈದ್ಯರು ಮತ್ತು ದಾದಿ. ಭಜನೆಗೆ ಆಮೇಲೆ ಬೇಕಾದಷ್ಟು ಹೊತ್ತಿದೆ.

ಹಾಗಾದರೆ ತಟ್ಟೆಗೆ ಕೆಲಸವೇ ಇಲ್ಲವೇ? ಬೇಕಾದಷ್ಟಿದೆ, ನಾವು ಕೊಟ್ಟ ಕೆಲಸ ಮಾತ್ರ ತಪ್ಪು. ‘ಸಾತ್ವಿಕ’ ಎಂಬ ಮಾತು ಏನನ್ನು ಬಿಡಬೇಕೆಂದು ಹೇಳುತ್ತದೆ, ಏನನ್ನು ಸೇರಿಸಬೇಕೆಂದು ಹೇಳುವುದಿಲ್ಲ. ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಈರುಳ್ಳಿ ಬೆಳ್ಳುಳ್ಳಿಯೂ ಬೇಡ. ಕೊನೆಗೆ ತಟ್ಟೆಯಲ್ಲಿ ಉಳಿಯುವುದು ಪಾಲಿಶ್ ಮಾಡಿದ ಬಿಳಿ ಅನ್ನ, ತಿಳಿ ಸಾರು, ಪಾಯಸ. ತಳ್ಳುಗಾಡಿಯ ಹಮಾಲ, ಬೋಟಿನ ಮೊಗವೀರ, ಕಲ್ಲುಗಣಿಯ ಕೂಲಿಯ ಸ್ನಾಯುಗಳನ್ನು ಕುಡಿತ ಆಗಲೇ ತಿಂದಿದೆ. ಅವರ ಪಾಲಿಗೆ ಸುಲಭದ ಪ್ರೋಟೀನೆಂದರೆ ಬಂಗುಡೆ, ಬೂತಾಯಿ, ಮೊಟ್ಟೆ. ಅದನ್ನೇ ಕಿತ್ತುಕೊಂಡು ‘ಶುದ್ಧನಾದೆ’ ಎನ್ನುತ್ತೇವೆ. ಮೀನು ಬಿಡಿಸುವುದು ಮದ್ಯ ಬಿಡಿಸುವುದಲ್ಲ. ಒಂದು ಜಾತಿಯ ಅಡುಗೆಮನೆಯನ್ನು ಚಿಕಿತ್ಸೆಯೆಂದು ಕರೆಯುವ ಈ ಅಭ್ಯಾಸಕ್ಕೆ ವೈದ್ಯದ ಆಧಾರ ಇಲ್ಲ. ಸಸ್ಯಾಹಾರವೇ ಬಡಿಸುವುದಿದ್ದರೂ ಬಡಿಸಲಿ, ಹುರುಳಿಕಟ್ಟು, ಅವರೆಕಾಳು, ಮೊಳಕೆ ಹೆಸರು, ಕಡಲೆಬೀಜದ ಚಟ್ನಿ, ಗಟ್ಟಿ ಮೊಸರು ಧಾರಾಳವಾಗಿರಲಿ.

ಇದರ ಅಣ್ಣನೇ ನಮ್ಮ ಕಾಮಾಲೆಯ ಪಥ್ಯ. ಕಣ್ಣು ಹಳದಿಯಾದ ಕುಡುಕನಿಗೆ ಉಪ್ಪಿಲ್ಲ, ಎಣ್ಣೆಯಿಲ್ಲ, ಬೇಳೆಯಿಲ್ಲ, ಬರೀ ಗಂಜಿ. ಒಂದು ಕಾಲಕ್ಕೆ ದೊಡ್ಡ ಆಸ್ಪತ್ರೆಗಳೂ ಸಿರೋಸಿಸ್ ರೋಗಿಗೆ ಪ್ರೋಟೀನ್ ಕಡಿತ ಮಾಡುತ್ತಿದ್ದವು. ಈಗ ಯಕೃತ್ತಿನ ವೈದ್ಯರ ಮಾತು ತಿರುಗಿದೆ: ದೇಹದ ತೂಕದ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಕೊಡಿ, ಮಲಗುವ ಮುನ್ನ ಒಂದು ತಿಂಡಿಯನ್ನೂ ಕೊಡಿ. ಕೆಟ್ಟ ಯಕೃತ್ತು ರಾತ್ರಿಗೆ ಬೇಕಾದ ಸಕ್ಕರೆಯನ್ನು ಕೂಡಿಡಲಾರದು. ಬೆಳಗಾಗುವುದರೊಳಗೆ ದೇಹ ತನ್ನ ಸ್ನಾಯುವನ್ನೇ ಉರಿಸತೊಡಗುತ್ತದೆ. 55 ಕಿಲೋ ತೂಗುವವನಿಗೆ ದಿನಕ್ಕೆ ಕನಿಷ್ಠ 66 ಗ್ರಾಂ ಪ್ರೋಟೀನ್ ಬೇಕು. ಗಂಜಿಯಲ್ಲಿ ಅದು ಎಲ್ಲಿ ಬರಬೇಕು? ಉಪ್ಪಿನ ಮಾತು ಬೇರೆ, ಹೊಟ್ಟೆಯಲ್ಲಿ ನೀರು ತುಂಬಿದವನಿಗೆ ವೈದ್ಯರೇ ಉಪ್ಪು ಕಡಿಮೆ ಮಾಡಿಸುತ್ತಾರೆ. ಪಥ್ಯದಲ್ಲಿ ಅಷ್ಟು ಮಾತ್ರ ಸರಿ.

ಗಂಜಿಯೆಂದೆ, ಕರಾವಳಿಯವರ ಪರವಾಗಿ ಒಂದು ಮಾತು ಸೇರಿಸಬೇಕು. ಭತ್ತವನ್ನು ಸಿಪ್ಪೆಸಮೇತ ಬೇಯಿಸಿ ಕುಚ್ಚಲಕ್ಕಿ ಮಾಡುವಾಗ ತೌಡಿನಲ್ಲಿದ್ದ ಥಯಮಿನ್ ಕಾಳಿನೊಳಕ್ಕೆ ಇಳಿಯುತ್ತದೆ; ಆಮೇಲೆ ಮಿಲ್ಲಿಗೆ ಹಾಕಿದರೂ ಪೂರ್ತಿ ಹೋಗುವುದಿಲ್ಲ. ಜಾವಾದಲ್ಲಿ ಎಯ್ಕ್‌ಮನ್ ಎಂಬ ಡಚ್ ವೈದ್ಯನ ಕೋಳಿಗಳು ಆಸ್ಪತ್ರೆಯ ಬಿಳಿ ಅನ್ನ ತಿಂದು ಕಾಲು ಸೋತು ಬಿದ್ದವು. ಹೊಸ ಅಡುಗೆಯವ ‘ಸಿಪಾಯಿಗಳ ಅನ್ನ ಕೋಳಿಗೆ ಕೊಡಲಾರೆ’ ಎಂದು ನಿಲ್ಲಿಸಿದ ಮೇಲೆ ಎದ್ದು ಓಡಾಡಿದವು. ಬಿ1ರ ಇಡೀ ಶಾಸ್ತ್ರ ಶುರುವಾದದ್ದು ಆ ಅಡುಗೆಯವನ ಜಿಪುಣತನದಿಂದ. ಕುಚ್ಚಲಕ್ಕಿಯ ಗಂಜಿಯನ್ನು ತಿಳಿಸಮೇತ ಉಣ್ಣುವುದು ಬಸಿದ ಬೆಳ್ತಿಗೆ ಅನ್ನಕ್ಕಿಂತ ಎಷ್ಟೋ ಮೇಲು. ಬಯಲುಸೀಮೆಯ ಮುದ್ದೆ, ಬಡಗಣದ ಜೋಳದ ರೊಟ್ಟಿಗೂ ಇದೇ ಮಾತು. ಇಂಜೆಕ್ಷನ್ನಿನ ವಾರ ಮುಗಿದ ಮೇಲೆ, ಮುಂದಿನ ಇಪ್ಪತ್ತು ವರ್ಷ ನೋಡಿಕೊಳ್ಳಬೇಕಾದ್ದು ಈ ತಟ್ಟೆ.

ಇನ್ನು ವಿಟಮಿನ್ನನ್ನೇ ನೆಚ್ಚಿ ಅತಿಮಾಡಿದವರ ಕಥೆ. 1935ರಲ್ಲಿ ಕುಡಿತ ಬಿಡುವವರ ಸಂಘಟನೆಯಾದ ಆಲ್ಕೋಹಾಲಿಕ್ಸ್ ಅನಾನಿಮಸ್ (ಎ.ಎ.) ಕಟ್ಟಿದ ಇಬ್ಬರಲ್ಲಿ ಒಬ್ಬನಾದ ಬಿಲ್ ವಿಲ್ಸನ್, 1960ರ ಸುಮಾರಿಗೆ ಏಬ್ರಮ್ ಹಾಫರ್ ಎಂಬ ಮನೋವೈದ್ಯನ ಮಾತು ಕೇಳಿ ದಿನಕ್ಕೆ 3 ಗ್ರಾಂ ನಿಯಾಸಿನ್, ಅಂದರೆ ಬಿ3, ನುಂಗತೊಡಗಿದ. ವರ್ಷಗಟ್ಟಲೆ ಕಾಡಿದ ಖಿನ್ನತೆ ಹಗುರಾಯಿತಂತೆ. ಸಂಗಡಿಗರಲ್ಲಿ ಮೂವತ್ತು ಜನರಿಗೆ ಕೊಟ್ಟು ನೋಡಿದ, ಬಹುಪಾಲು ಜನ ಸುಧಾರಿಸಿದರೆಂದು ಸಾರಿದ, ವೈದ್ಯರಿಗೆ ಪತ್ರ ಹಂಚಿದ. ಕೊಡದೆ ಬಿಟ್ಟ ಮೂವತ್ತು ಜನರ ಜೊತೆಗೆ ಹೋಲಿಸಿ ನೋಡಲಿಲ್ಲ. ನೆಚ್ಚಿನ ಗುರುವೇ ಮಾತ್ರೆ ಕೊಟ್ಟರೆ ಯಾರಿಗೆ ತಾನೇ ಗುಣ ಕಾಣದು? ಆ ಪ್ರಮಾಣದ ನಿಯಾಸಿನ್ ಯಕೃತ್ತಿಗೇ ಪೆಟ್ಟು ಕೊಡಬಲ್ಲದು, ಅದೂ ಕುಡುಕನ ಯಕೃತ್ತಿಗೆ. ಸಂಘಟನೆ ತನ್ನ ಹೆಸರನ್ನು ಅದರಿಂದ ದೂರವಿಟ್ಟದ್ದು ಜಾಣತನ. ವಿಟಮಿನ್ನಿಗಾಗಿ ಇಷ್ಟು ಓಡಾಡಿದ ವಿಲ್ಸನ್ 1971ರಲ್ಲಿ ತೀರಿಕೊಂಡದ್ದು ಶ್ವಾಸಕೋಶದ ರೋಗದಿಂದ. ಸಿಗರೇಟು ಅವನನ್ನು ಬಿಟ್ಟಿರಲಿಲ್ಲ.

ಸಿಗರೇಟಿನ ವಿಷಯದಲ್ಲಿ ನಮ್ಮ ಶಿಬಿರಗಳೂ ಮೆತ್ತಗೆ. ‘ಕುಡಿತ ಬಿಟ್ಟನಲ್ಲ, ಬೀಡಿ ಇರಲಿ ಬಿಡಿ.’ ಅಮೆರಿಕದ ಮೇಯೊ ಕ್ಲಿನಿಕ್ಕಿನವರು ವ್ಯಸನದ ಚಿಕಿತ್ಸೆಗೆ ಸೇರಿದ್ದ 845 ಜನರ ಜಾಡು ಹಿಡಿದು 1996ರಲ್ಲಿ ವರದಿ ಕೊಟ್ಟರು. ಸತ್ತವರಲ್ಲಿ ಅರ್ಧದಷ್ಟು ಸಾವು ತಂಬಾಕಿನ ಕಾಯಿಲೆಗಳಿಂದ, ಮೂರನೆಯ ಒಂದು ಭಾಗ ಮದ್ಯದಿಂದ. ಮದ್ಯ ಬಿಟ್ಟು ಬೀಡಿಗೆ ಬಲಿಯಾದವನನ್ನು ಯಾವ ಲೆಕ್ಕಕ್ಕೆ ಹಾಕುವುದು?

ವಿಲ್ಸನ್ನಿನ ನಿಯಾಸಿನ್ ಹುಮ್ಮಸ್ಸಿಗೆ ನಮ್ಮ ಗೋಡೆಬರಹಗಳಲ್ಲಿ ಒಂದು ಕೀಳು ಅವತಾರ ಇದೆ: ‘ಕುಡಿಯುವವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕೊಡಿ.’ ಆ ಪುಡಿಯಲ್ಲಿ ಏನಿದೆಯೆಂದು ಮಾರುವವನೂ ಹೇಳುವುದಿಲ್ಲ. ಡೈಸಲ್ಫಿರಾಂನಂಥ ಔಷಧಿಯನ್ನು ರೋಗಿಗೆ ತಿಳಿಸದೆ ಕೊಟ್ಟು, ಅವನು ಮೇಲೆ ಕುಡಿದರೆ ಪ್ರಾಣಕ್ಕೇ ಸಂಚಕಾರ. ತಿಳಿಸಿ, ಒಪ್ಪಿಗೆ ಪಡೆದು, ವೈದ್ಯರ ಕಣ್ಗಾವಲಲ್ಲಿ ಮಾತ್ರ ಕೊಡಬೇಕಾದ ಮದ್ದು ಅದು. ಪುಡಿಯಲ್ಲಿ ಬರೀ ಬೂದಿಯೇ ಇದ್ದರೂ ಕೆಡುಕು ತಪ್ಪದು. ಹೆಂಡತಿ ಬಡಿಸಿದ ಅನ್ನವನ್ನು ಅವನು ಅನುಮಾನದಿಂದ ಮೂಸಿ ನೋಡಲು ಶುರುಮಾಡಿದರೆ, ಚೇತರಿಕೆಗೆ ಇದ್ದ ಒಂದೇ ಭದ್ರ ಜಾಗವೂ ಹೋಯಿತು.

ಯೋಗದ ಬಗ್ಗೆ ಹೊಗಳಿಕೆಯೂ ಟೀಕೆಯೂ ಉದಾರವಾಗಿ ಸಿಗುತ್ತವೆ, ನಾನು ಹೆಚ್ಚು ಹೇಳುವುದಿಲ್ಲ. ನಿಮ್ಹಾನ್ಸ್‌ನ ಸಂಶೋಧಕರು 60 ಒಳರೋಗಿಗಳ ಮೇಲೆ ಮಾಡಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವಾರ ಸುದರ್ಶನ ಕ್ರಿಯೆ ಎಂಬ ಉಸಿರಾಟದ ಅಭ್ಯಾಸ ಮಾಡಿದವರ ಖಿನ್ನತೆ ಮತ್ತು ಒತ್ತಡದ ಹಾರ್ಮೋನು ಮಾಡದವರಿಗಿಂತ ಹೆಚ್ಚು ಇಳಿದವು. ಒಳ್ಳೆಯ ಸುದ್ದಿ. ಆದರೆ ಅದು ಎರಡು ವಾರದ, ಆಸ್ಪತ್ರೆಯ ಗೋಡೆಯೊಳಗಿನ ಸುದ್ದಿ. ‘ಯೋಗದಿಂದ ಕುಡಿತ ಬಿಟ್ಟಿತು’ ಎಂದು ಬ್ಯಾನರ್ ಬರೆಸುವವರು ಅದರ ಹೆಸರು ಹೇಳಬಾರದು.

ಮತ್ತೆ ಗಡಿಯಾರಕ್ಕೆ ಬರುತ್ತೇನೆ. ಎ.ಎ. ಬಳಗದಲ್ಲಿ ಮರಳಿ ಜಾರುವ ಗಳಿಗೆಗಳನ್ನು ನಾಲ್ಕಾಗಿ ಎಣಿಸುತ್ತಾರೆ: ಹಸಿವು, ಸಿಟ್ಟು, ಒಂಟಿತನ, ದಣಿವು. ಇಂಗ್ಲಿಷಿನ ಮೊದಲಕ್ಷರಗಳು ‘ಹಾಲ್ಟ್’ ಆಗಲೆಂದು ಹಸಿವು ಮೊದಲು ಬಂದಿರಬಹುದು, ಆದರೂ ಅದು ಸರಿಯಾದ ಜಾಗದಲ್ಲೇ ಕೂತಿದೆ. ಹಸಿದ ಇಲಿಗಳು ತೃಪ್ತ ಇಲಿಗಳಿಗಿಂತ ಹೆಚ್ಚು ಮಾದಕ ಸೇವಿಸುತ್ತವೆ ಎಂಬುದು 1979ರಿಂದಲೂ ಪ್ರಯೋಗಾಲಯದಲ್ಲಿ ಗೊತ್ತಿರುವ ಸಂಗತಿ. ಎರಡನೆಯ ಮಹಾಯುದ್ಧದ ಕೊನೆಗೆ ಮಿನೆಸೋಟದಲ್ಲಿ ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸಿದ 36 ಆರೋಗ್ಯವಂತ ಯುವಕರು ಕಾಫಿಗೆ, ಚೂಯಿಂಗ್ ಗಮ್ಮಿಗೆ, ಸಿಗರೇಟಿಗೆ ಮುಗಿಬಿದ್ದರು. ಮಧ್ಯಾಹ್ನ ಒಂದಕ್ಕೆ ಉಂಡು ಸಂಜೆ ಆರರವರೆಗೆ ಇಟ್ಟಿಗೆ ಹೊತ್ತವನ ಹೊಟ್ಟೆ ಕೇಳುವುದು ಅನ್ನವನ್ನೇ. ಹತ್ತು ವರ್ಷದ ಅಭ್ಯಾಸದಲ್ಲಿ ಆ ಕೂಗಿಗೆ ಅವನು ಕಲಿತ ಉತ್ತರ ನೈಂಟಿ. ಎಷ್ಟೋ ಜನರಿಗೆ ಅದು ಹಸಿವೆಂದೇ ಗೊತ್ತಿಲ್ಲ. ಗೆಳೆಯನೊಬ್ಬ ಬಿಟ್ಟು ಎಂಟು ವರ್ಷವಾಯಿತು. ಅವನ ಗುಟ್ಟು ಕೇಳಿದರೆ ‘ಐದೂಮುಕ್ಕಾಲಿಗೆ ಎರಡು ಚಪಾತಿ, ಪಲ್ಯ, ಒಂದು ಮೊಟ್ಟೆ’ ಎನ್ನುತ್ತಾನೆ. ಡಬ್ಬಿ ಕೆಲಸದ ಜಾಗದಲ್ಲೇ ಇರುತ್ತದೆ. ಹೊಟ್ಟೆ ತುಂಬಿಸಿಕೊಂಡೇ ಬಾರ್‌ನ ಮುಂದೆ ಬೈಕು ದಾಟಿಸುತ್ತಾನೆ. ಮೊದಲ ತಿಂಗಳು ಜೇಬಿನಲ್ಲಿ ಬೆಲ್ಲದ ಮಿಠಾಯಿಯೂ ಇರುತ್ತಿತ್ತಂತೆ. ಬಿಟ್ಟ ಹೊಸದರಲ್ಲಿ ಸಿಹಿಗೆ ಮನಸ್ಸು ಹರಿಯುವುದು ಸಹಜ, ಎ.ಎ.ಯ 1939ರ ಮೂಲಪುಸ್ತಕದಲ್ಲೇ ಆ ಸಲಹೆ ಇದೆ. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ವೈದ್ಯರನ್ನು ಕೇಳಬೇಕು.

ನನ್ನ ತೀರ್ಪು ಇಷ್ಟು. ಶಿಬಿರಕ್ಕೆ ಗಡಿಯಾರ ಗೊತ್ತಿದೆ, ತಟ್ಟೆ ಗೊತ್ತಿಲ್ಲ. ಆಸ್ಪತ್ರೆಗೆ ಸೂಜಿ ಗೊತ್ತಿದೆ, ಮನೆಯ ಸಂಜೆ ಗೊತ್ತಿಲ್ಲ. ಎರಡನ್ನೂ ಜೋಡಿಸುವ ಹೊರೆ ಕೊನೆಗೆ ಬೀಳುವುದು ಮನೆಯ ಹೆಂಗಸಿನ ಮೇಲೆ, ಆಕೆಗೆ ಯಾರೂ ಏನೂ ಹೇಳಿಕೊಡುವುದಿಲ್ಲ. ಸರ್ಕಾರಕ್ಕೂ ಇಲ್ಲಿ ಕೆಲಸವಿದೆ. ಆಸ್ಟ್ರೇಲಿಯಾ 1991ರಿಂದ ಬ್ರೆಡ್ಡಿನ ಹಿಟ್ಟಿಗೆ ಥಯಮಿನ್ ಬೆರೆಸುವುದನ್ನು ಕಡ್ಡಾಯ ಮಾಡಿತು. ಆಮೇಲೆ ಶವಪರೀಕ್ಷೆಗಳಲ್ಲಿ ವೆರ್ನಿಕೆ ರೋಗದ ಕುರುಹು ಕಾಣುವುದು ಗಣನೀಯವಾಗಿ ತಗ್ಗಿತು. ಕುಡುಕನಿಗೆ ಉಪದೇಶ ಮಾಡದೆ, ಅವನ ಬ್ರೆಡ್ಡನ್ನು ಸರಿಮಾಡಿದರು. ನಮ್ಮ ಬಲವರ್ಧಿತ ಅಕ್ಕಿಯ ಮಾನದಂಡದಲ್ಲಿ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಕಡ್ಡಾಯ. ಬಿ1 ಐಚ್ಛಿಕ.

ಮನೆಯವರನ್ನು ಶಿಬಿರಕ್ಕೋ ಕೇಂದ್ರಕ್ಕೋ ಕರೆದೊಯ್ಯುವವರು ಹೊಸಿಲು ದಾಟುವ ಮುನ್ನ ಕೇಳಿ: ಮೊದಲ ನಾಲ್ಕು ದಿನ ರಾತ್ರಿ ವೈದ್ಯರು ಯಾರಿರುತ್ತಾರೆ, ಥಯಮಿನ್ ಇಂಜೆಕ್ಷನ್ ಯಾವಾಗ ಕೊಡುತ್ತೀರಿ, ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಒಯ್ಯುತ್ತೀರಿ. ಉತ್ತರ ಬರೀ ‘ಒಳ್ಳೇ ಊಟ’ ಎಂದಾದರೆ, ಮೊದಲು ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ, ಇಲ್ಲವೇ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ತೆರೆದಿರುತ್ತದೆ.